ನಿಂತು ಕೆಲಸ ಮಾಡುವವರ ಮೇಜು

“ಇನ್ನೊಂಚೂರು ಓರೆ ಮಾಡಿ. ಇನ್ನೂ... ತಾಳಿ ತಾಳಿ, ನನ್ನ ಬೆರಳು” ಎಂದು ಪಕ್ಕದ ಮನೆಯ ದರ್ಜಿ ಕೈ ಹಿಂದಕ್ಕೆಳೆದುಕೊಂಡ. ಮೇಜು ಬಾಗಿಲಲ್ಲಿ ಸಿಕ್ಕಿಕೊಂಡು ನಿಂತಿತು. ಎರಡು ಕಾಲು ಹೇಗೋ ಹಜಾರಕ್ಕೆ ದಾಟಿದ್ದವು. ಉಳಿದೆರಡು ಒಳಗೆ, ಕೆಲಸದ ಕೋಣೆಯಲ್ಲೇ ಇದ್ದವು. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಅದನ್ನು ಹೊರಗೆ ತರಬೇಕೆಂದದ್ದು ಚಿಕ್ಕಮ್ಮ, ಅಂದರೆ ತೀರಿಕೊಂಡವಳ ತಂಗಿ. ಸ್ಮಶಾನದ ಗಾಡಿ ಬರುವುದು ಹನ್ನೊಂದಕ್ಕೆ. ಅಲ್ಲಿಯವರೆಗೆ ಅಕ್ಕ ಆ ಜೋಲು ಮಂಚದಲ್ಲಿ ಯಾಕೆ ಮಲಗಿರಬೇಕು, ಅವಳೇ ಮಾಡಿದ ಮೇಜಿನ ಮೇಲೆ ಮಲಗಲಿ ಎಂದು ಹಟ ಹಿಡಿದಿದ್ದಳು.

“ಬರಲ್ಲ ಚಿಕ್ಕಮ್ಮ. ಬಾಗಿಲು ಎರಡೂವರೆ ಅಡಿ, ಮೇಜು ಮೂರಡಿ” ಎಂದು ಒಳಗಿನಿಂದ ಮಗ ಹೇಳಿದ. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವವನು. ಕೂದಲೆಳೆಯಷ್ಟು ವ್ಯತ್ಯಾಸವೂ ಅವನ ಕಣ್ಣಿಗೆ ಬೀಳುತ್ತಿತ್ತು. “ಅಮ್ಮ ಅಳತೆ ತಪ್ಪಿದಾಳೆ.”

“ಊರಿಗೆಲ್ಲ ಲೈನ್ ಕೊಟ್ಟವಳು, ತನ್ನ ಮನೆ ಬಾಗಿಲು ಎಷ್ಟಗಲ ಅಂತ ನೋಡ್ಲಿಲ್ವಾ?” ಎಂದು ಚಿಕ್ಕಮ್ಮ ನಕ್ಕಳು. ನಗು ಬರಬಾರದ ಹೊತ್ತಿನಲ್ಲಿ ಬಂದದ್ದರಿಂದ ಅದನ್ನು ನಿಲ್ಲಿಸುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಗೋಡೆಗೆ ಒರಗಿ ನಗುತ್ತಲೇ ಇದ್ದಳು. ಕೊನೆಗೆ ಸೆರಗಿನಿಂದ ಮುಖ ಮುಚ್ಚಿಕೊಂಡಾಗ ಅದು ಅಳುವಾಗಿತ್ತು.

ಮೇಜನ್ನು ಮತ್ತೆ ಒಳಗೆ ತಳ್ಳಿದರು. ತೀರಿಕೊಂಡವಳು ಮೊನ್ನೆಯಷ್ಟೇ ಅದಕ್ಕೆ ಅಗಸೆ ಎಣ್ಣೆ ಬಳಿದಿದ್ದಳು. ನಿನ್ನೆ ಮಧ್ಯಾಹ್ನ ಎರಡನೆಯ ಸಲ ಬಳಿಯುತ್ತ, ಅರ್ಧಕ್ಕೆ ಬಟ್ಟೆ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಒಂದು ಮೂಲೆ ಇನ್ನೂ ಹಸಿಯಾಗಿತ್ತು. ಹಿಡಿದವರ ಕೈಗೆಲ್ಲ ಎಣ್ಣೆ ಅಂಟಿಕೊಂಡು, ಆ ದಿನವಿಡೀ ದರ್ಜಿಯ ಕೈ, ಎದುರುಮನೆ ಮೇಷ್ಟ್ರ ಕೈ, ಮಗನ ಕೈ, ಎಲ್ಲ ಒಂದೇ ವಾಸನೆ ಬೀರುತ್ತಿದ್ದವು.

ಅವಳ ಗಂಡ ಹಜಾರದ ಕಿಟಕಿಯ ಬಳಿ ಕೂತಿದ್ದ. ಮೂವತ್ತು ವರ್ಷ ಸಿನಿಮಾ ಮಂದಿರದಲ್ಲಿ ಆಪರೇಟರ್ ಆಗಿದ್ದವನು. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ‘ಇಬ್ಬರೂ ಆಪರೇಟರ್ರೇ, ಅದಕ್ಕೇ ಮನೆ ತಾನಾಗಿ ನಡೀತಿದೆ’ ಎಂದು ಅವಳು ಹೇಳುತ್ತಿದ್ದಳು. ಅವನು ಬೆಳಗಿನಿಂದ ಯಾರೊಡನೆಯೂ ಮಾತಾಡಿರಲಿಲ್ಲ. ಯಾರಾದರೂ ಹತ್ತಿರ ಬಂದರೆ, ಒಂದು ಬೆರಳೆತ್ತಿ ಏನನ್ನೋ ಕೇಳಿಸಿಕೊಳ್ಳುತ್ತಿರುವವನ ಹಾಗೆ ತಡೆಯುತ್ತಿದ್ದ. ಮರಕ್ಕೆ ಕೀಸುಳಿ ಎಳೆಯುವ ಸದ್ದು ಹಿಂದಿನ ಕೋಣೆಯಿಂದ ಬರುತ್ತಿದೆ ಎಂದು ಅವನಿಗೆ ಅನಿಸುತ್ತಿತ್ತು. ಬರುತ್ತಿಲ್ಲವೆಂದೂ ಗೊತ್ತಿತ್ತು. ಎರಡೂ ಒಟ್ಟಿಗೆ ನಿಜವಾಗಿದ್ದವು.

ಒಂಬತ್ತರ ಹೊತ್ತಿಗೆ ಮುದಿ ಬಡಗಿ ಬಂದ. ಅವಳಿಗೆ ಕೆಲಸ ಕಲಿಸಿದವನು. ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ತನಗೆ ಬೇಕಾದದ್ದನ್ನು ಮಾತ್ರ ಕೇಳುತ್ತಿತ್ತು. ಅವಳ ಪಾದದ ಬಳಿ ಸ್ವಲ್ಪ ಹೊತ್ತು ನಿಂತು, ಯಾರನ್ನೂ ಕೇಳದೆ ನೇರ ಕೆಲಸದ ಕೋಣೆಗೆ ಹೋದ. ಮೇಜಿನ ಅಂಚನ್ನು ಕೈಯ ಹಿಂಬದಿಯಿಂದ ಸವರಿದ. ಚಿಕ್ಕಮ್ಮ ಹಿಂದೆಯೇ ಬಂದಳು.

“ಊಟದ ಮೇಜು ಇಷ್ಟೆತ್ತರ ಯಾಕೆ ಮಾಡಿದಾಳೆ? ಕುರ್ಚಿ ಹಾಕಿ ಕೂತ್ರೆ ಗದ್ದಕ್ಕೆ ಬರುತ್ತೆ.”

“ಊಟದ್ದಲ್ಲಮ್ಮ ಇದು. ನಿಂತು ಕೆಲಸ ಮಾಡೋರ ಮೇಜು.”

“ಯಾರು ನಿಂತು ಕೆಲಸ ಮಾಡೋರು?”

“ನನಗೆ ಹೇಳ್ಲಿಲ್ಲ. ಅಳತೆ ಮಾತ್ರ ತಂದಿದ್ಲು, ಮೊಣಕೈಯಿಂದ ನೆಲಕ್ಕೆ ಮೂವತ್ತೇಳು ಇಂಚು. ಯಾರಿಗೆ ಅಂದೆ. ಲೈನ್‌ನಲ್ಲೇ ಇರಿ ಅಂದ್ಲು.”

ಬಾಗಿಲಲ್ಲಿ ನಿಂತಿದ್ದ ಮಗ ಇದನ್ನು ಕೇಳಿಸಿಕೊಂಡ. ತನ್ನ ಮೊಣಕೈಯನ್ನು ಮೇಜಿನ ಮೇಲಿಟ್ಟು ನೋಡಿದ. ಭುಜ ಬಗ್ಗಿಸಬೇಕಾಯಿತು. ಅದು ತನ್ನದಲ್ಲ.

*

ಕರೆ ಮಾಡಿದವರನ್ನು ಕಾಯಿಸಲು ಹೇಳುತ್ತಿದ್ದ ‘ಲೈನ್‌ನಲ್ಲೇ ಇರಿ’ ಎಂಬ ಮಾತಿನಿಂದಲೇ ಅವಳಿಗೆ ಲೈನ್ ಅಕ್ಕ ಎಂದು ಹೆಸರಾದದ್ದು. ಇಪ್ಪತ್ತನೆಯ ವಯಸ್ಸಿಗೆ ಎಕ್ಸ್‌ಚೇಂಜಿಗೆ ಸೇರಿದ್ದಳು. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಮರದ ಬೋರ್ಡುಗಳು, ಬೋರ್ಡಿನ ತುಂಬ ತೂತುಗಳು. ಒಬ್ಬರ ತೂತಿನಿಂದ ಇನ್ನೊಬ್ಬರ ತೂತಿಗೆ ತಂತಿಯ ದಾರ ಸೇರಿಸಿದರೆ ಇಬ್ಬರು ಮಾತಾಡುತ್ತಿದ್ದರು. ಹನ್ನೊಂದು ಹೆಂಗಸರು ಸಾಲಾಗಿ ಕೂತು, ಮುಂದಿನ ಹಲಗೆಯ ಮೇಲೆ ಮೊಣಕೈಯೂರಿ ಇಡೀ ಊರನ್ನು ಮಾತಾಡಿಸುತ್ತಿದ್ದರು. ಮಧ್ಯಾಹ್ನದ ಹೊತ್ತು, ಕರೆಗಳು ಕಡಿಮೆಯಾದಾಗ, ಆ ಕೋಣೆಯಲ್ಲಿ ಒಂದು ಬಗೆಯ ಮಂಪರು ಕವಿಯುತ್ತಿತ್ತಂತೆ. ಯಾರೂ ಮಾತಾಡದಿದ್ದರೂ ದಾರಗಳೊಳಗೆ ಸಣ್ಣಗೆ ಏನೋ ಹರಿಯುತ್ತಿರುತ್ತಿತ್ತು. ಅದನ್ನು ಅವಳು ‘ಊರು ಉಸಿರಾಡೋದು’ ಎನ್ನುತ್ತಿದ್ದಳು.

ಆಮೇಲೆ ಕರೆ ಜೋಡಿಸುವ ಯಂತ್ರ ಬಂತು. ಅವಳನ್ನು ಬಿಲ್ಲಿನ ಕೌಂಟರಿಗೆ ಹಾಕಿದರು. ಹಳೆಯ ಬೋರ್ಡುಗಳನ್ನು ಅಂಗಳದಲ್ಲಿ ರಾಶಿ ಹಾಕಿದ್ದರು. ಯಾರಿಗೂ ಬೇಡವಾಗಿದ್ದ, ಮೊಣಕೈ ಊರುತ್ತಿದ್ದ ತೇಗದ ಹಲಗೆಗಳನ್ನು ಅವಳು ಕೇಳಿ ತಂದು ಮಂಚದ ಕೆಳಗೆ ತಳ್ಳಿದಳು.

“ಏನು ಮಾಡ್ತೀಯಾ ಇದನ್ನ?” ಎಂದು ಗಂಡ ಕೇಳಿದ್ದ.

“ಗೊತ್ತಿಲ್ಲ. ಇರ್ಲಿ.”

ಇಪ್ಪತ್ತು ವರ್ಷ ಇದ್ದವು. ಮಧ್ಯಾಹ್ನ ಕಸ ಗುಡಿಸುವಾಗ ಪೊರಕೆ ತಗಲುತ್ತಿತ್ತು, ಅಷ್ಟೇ.

ನಿವೃತ್ತಿಯಾದ ಮೇಲೆ ಒಂದು ದಿನ ಅಡುಗೆಮನೆಯ ಮಣೆಯೊಂದು ಅಲ್ಲಾಡತೊಡಗಿತೆಂದು ಅದನ್ನು ಬಗಲಲ್ಲಿಟ್ಟುಕೊಂಡು ಬೀದಿ ತುದಿಯ ಬಡಗಿಯ ಹತ್ತಿರ ಹೋದಳು. ಅವನು ಅದನ್ನು ಬಿಚ್ಚಿ, ಕಾಲಿನ ತುದಿಯ ಚಿಕ್ಕ ನಾಲಿಗೆಯನ್ನು ತೋರಿಸಿ, ಅದು ಕೂರುವ ಕುಳಿಯನ್ನು ತೋರಿಸಿದ. ಅವಳು ನಾಲಿಗೆಯನ್ನು ಕುಳಿಗೆ ಸೇರಿಸಿದಳು. ತೆಗೆದಳು. ಮತ್ತೆ ಸೇರಿಸಿದಳು.

“ನೀವು ಇದನ್ನ ಮೊದಲೇ ಮಾಡಿದೀರಾ?” ಎಂದ ಬಡಗಿ.

“ಹದಿನೆಂಟು ವರ್ಷ” ಎಂದಳು ಅವಳು.

ಮನೆಯ ಹಿಂದಿನ ಸಾಮಾನು ಕೋಣೆ ಖಾಲಿಯಾಯಿತು. ಉಳಿ, ಕೀಸುಳಿ, ಕೊಡತಿ, ಗರಗಸ ಒಂದೊಂದಾಗಿ ಬಂದವು. ಮೊದಲ ಸ್ಟೂಲಿನ ಮೂರೇ ಕಾಲು ನೆಲಕ್ಕೆ ತಾಕುತ್ತಿದ್ದವು. ಅದರ ಮೇಲೆ ಕೂತು ಬಿದ್ದವಳು ಚಿಕ್ಕಮ್ಮ. ‘ಬಾಯಿ ಭಾರ ಜಾಸ್ತಿ ಆಯ್ತು’ ಎಂದು ಲೈನ್ ಅಕ್ಕ ತಂಗಿಯನ್ನು ಎತ್ತಿ ನಿಲ್ಲಿಸಿ, ಆ ಸ್ಟೂಲನ್ನೇ ಅವಳಿಗೆ ಕೊಟ್ಟು ಕಳಿಸಿದ್ದಳು. ಆಮೇಲೆ ದರ್ಜಿಗೆ ಬಟ್ಟೆ ಮಡಿಸಿಡುವ ಕಪಾಟು, ಮೇಷ್ಟ್ರ ಮಗಳಿಗೆ ಕನ್ನಡಿ ಪೆಟ್ಟಿಗೆ. ಯಾವುದನ್ನೂ ಕೊಡುವವರೆಗೆ ಯಾರಿಗೆಂದು ಹೇಳುತ್ತಿರಲಿಲ್ಲ. ಹೇಳಿದರೆ ಅವರು ಬಂದು ಬಂದು ಇಣುಕುತ್ತಾರೆ, ಕೈ ನಡುಗುತ್ತದೆ ಎನ್ನುತ್ತಿದ್ದಳು.

*

ಹತ್ತೂವರೆಗೆ ಸೊಸೆ ಬಂದಳು.

ಅವಳನ್ನು ಸೊಸೆ ಎನ್ನಲು ಈಗ ಅಲ್ಲಿ ಯಾರಿಗೂ ಬಾಯಿ ಬರುತ್ತಿರಲಿಲ್ಲ. ಮಗನಿಂದ ಬೇರೆಯಾಗಿ ನಾಲ್ಕು ವರ್ಷವಾಗಿತ್ತು, ಕಾಗದಗಳಿಗೆ ಸಹಿಯೂ ಆಗಿತ್ತು. ಜಗಳವಾಡಿ ಹೋದವಳಲ್ಲ. ಅವರಿಬ್ಬರ ನಡುವೆ ಮಾತು ಕಡಿಮೆಯಾಗುತ್ತ ಆಗುತ್ತ, ಒಂದು ದಿನ ‘ಬಾಗಿಲು ಹಾಕ್ಕೋ’ ಎಂಬುದೊಂದೇ ಉಳಿದಿತ್ತು. ಅದನ್ನೇ ಹೇಳಿ ಹೋಗಿದ್ದಳು.

ಬಂದವಳು ತೀರಿಕೊಂಡವಳ ತಲೆಯ ಬಳಿ ಮಂಡಿಯೂರಿ ಕೂತಳು. ಹಣೆಯ ಮೇಲಿನ ಕೂದಲು ಸರಿಸಿದಳು. ಕಿವಿಯ ಹಿಂದೆ ಒಂದಿಷ್ಟು ಮರದ ಪುಡಿ ಉಳಿದಿತ್ತು. ಬೆಳಗ್ಗೆ ಮೈ ಒರೆಸಿದವರಿಗೆ ಅದು ಕಂಡಿರಲಿಲ್ಲ. ಅವಳು ಅದನ್ನು ಒರೆಸಲು ಹೋಗಿ, ಬೇಡವೆನಿಸಿ ಕೈ ಹಿಂದೆ ತೆಗೆದುಕೊಂಡು, ಎದ್ದು ಕಿಟಕಿಯ ಪಕ್ಕ ನಿಂತಳು.

“ಇವರು ಯಾರಾಗ್ಬೇಕು?” ಎಂದು ಎಕ್ಸ್‌ಚೇಂಜಿನ ಹಳೆಯ ಗೆಳತಿಯೊಬ್ಬಳು ಚಿಕ್ಕಮ್ಮನನ್ನು ಕೇಳಿದಳು.

“ಇವಳು ನಮ್ಮ...” ಎಂದು ಚಿಕ್ಕಮ್ಮ ಶುರು ಮಾಡಿದಳು. ಯಾವ ಮಾತಿಗೂ ತಡವರಿಸದವಳು ಅಲ್ಲೇ ನಿಂತಳು. “ನಮ್ಮವಳು” ಎಂದು ಮುಗಿಸಿದಳು.

ಮಗ ಅವಳ ಕಡೆ ಒಮ್ಮೆ ತಲೆಯಾಡಿಸಿದ. ಅವಳೂ ಆಡಿಸಿದಳು. ನಿಂತ ಆಯಾಸಕ್ಕೋ ಏನೋ, ಅವಳು ಕಿಟಕಿಯ ದಂಡೆಯ ಮೇಲೆ ಮೊಣಕೈಯಿಟ್ಟಳು. ಮೂಲೆಯಲ್ಲಿ ಕೂತಿದ್ದ ಬಡಗಿ ಆ ಮೊಣಕೈ ನೋಡಿದ. ಅಲ್ಲಿಂದ ನೆಲದವರೆಗೆ ಕಣ್ಣಿಳಿಸಿದ. ಮತ್ತೆ ಮೇಲೆತ್ತಿದ. ಆಮೇಲೆ ಅಪ್ಪನ, ಅಂದರೆ ಲೈನ್ ಅಕ್ಕನ ಗಂಡನ, ಮುಖ ನೋಡಿದ. ಅಪ್ಪ ಕಣ್ಣು ಮುಚ್ಚಿಕೊಂಡ.

ಗಾಡಿ ಬಂತು. ಆರು ಜನ ಎತ್ತಿಕೊಂಡರು. “ತಲೆ ಮೊದಲೋ ಕಾಲು ಮೊದಲೋ” ಎಂದು ಯಾರೋ ಕೇಳಿದರು, “ಬಾಗಿಲು ನೋಡ್ಕೊಂಡು” ಎಂದು ಇನ್ಯಾರೋ ಎಂದರು. ಲೈನ್ ಅಕ್ಕ ಮುಂಬಾಗಿಲಿನಿಂದ ಸಲೀಸಾಗಿ ಹೊರಗೆ ಹೋದಳು.

*

ಎರಡು ವರ್ಷದ ಹಿಂದೆ ಒಂದು ಗುರುವಾರ ಮಧ್ಯಾಹ್ನ, ಮನೆಯಲ್ಲಿ ಉಳಿದುಹೋಗಿದ್ದ ಸೊಸೆಯ ಕೊಡೆಯೊಂದನ್ನು ಹಿಡಿದು ಲೈನ್ ಅಕ್ಕ ಅವಳ ವಿಳಾಸ ಹುಡುಕಿಕೊಂಡು ಹೋಗಿದ್ದಳು. ಎರಡು ವರ್ಷ ಮೂಲೆಯಲ್ಲಿದ್ದ ಕೊಡೆ, ಬಿಸಿಲಲ್ಲಿ ತಲುಪಿತು.

ಒಂದೇ ಕೋಣೆ. ಗ್ರಂಥಾಲಯದ ಹರಿದ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವುದು ಸೊಸೆಯ ಕೆಲಸ. ನೆಲದ ತುಂಬ ಪುಸ್ತಕದ ಕಂತೆ, ಗೋಂದಿನ ಡಬ್ಬಿ, ದಾರದ ಉಂಡೆ. ನಡುವೆ ಅವಳು ಮಂಡಿಯೂರಿ ಕೂತಿದ್ದಳು. ಎದ್ದು ಬಾಗಿಲಿಗೆ ಬರುವಾಗ ಸೊಂಟಕ್ಕೆ ಕೈ ಕೊಟ್ಟುಕೊಂಡಳು.

“ದಿನಾ ಹೀಗೇ ನೆಲದ ಮೇಲಾ?”

“ಮೇಜಿತ್ತು ಅತ್ತೆ, ಮುರೀತು. ಇದೂ ಅಭ್ಯಾಸ ಆಗಿದೆ.”

ಲೈನ್ ಅಕ್ಕ ಗೋಡೆಗೊರಗಿ ಕೂತಳು. ಕಿಟಕಿಯಿಂದ ಬಿಸಿಲಿನ ಪಟ್ಟಿಯೊಂದು ಒಳಗೆ ಬಂದು ಪುಸ್ತಕಗಳ ಬೆನ್ನ ಮೇಲೆ ನಿಧಾನ ನಡೆಯುತ್ತಿತ್ತು. ಸೂಜಿ ಹಾಳೆಯೊಳಗೆ ಹೋಗಿ ಬರುವ ಸದ್ದು, ದಾರ ಎಳೆಯುವ ಸದ್ದು. ಅವಳಿಗೆ ಕಣ್ಣೆಳೆಯಿತು. ಎಚ್ಚರವಾದಾಗ ಬಿಸಿಲು ಗೋಡೆ ಹತ್ತಿತ್ತು, ಮಡಿಲಲ್ಲಿ ಹೊದಿಕೆಯಿತ್ತು.

“ಸ್ವಲ್ಪ ನಿಂತ್ಕೋ” ಎಂದಳು. “ಕೈ ಮಡಚು. ಹಾಗಲ್ಲ, ಪುಸ್ತಕ ಹೊಲೀವಾಗ ಹೇಗಿರುತ್ತೋ ಹಾಗೆ.” ಚೀಲದಿಂದ ಟೇಪು ತೆಗೆದು ಮೊಣಕೈಯಿಂದ ನೆಲಕ್ಕೆ ಬಿಟ್ಟಳು.

“ಯಾಕತ್ತೆ?”

“ನೀನು ಎಷ್ಟು ಎತ್ತರ ಅಂತ ಮರೆತುಹೋಗಿತ್ತು.”

ಅಂದಿನಿಂದ ಪ್ರತಿ ಗುರುವಾರ ಮಧ್ಯಾಹ್ನ ಮರದ ಡಿಪೋಗೆ ಹೋಗುತ್ತೇನೆಂದು ಹೇಳಿ ಹೊರಡುತ್ತಿದ್ದಳು. ಬರಿಗೈಯಲ್ಲಿ ಬರುತ್ತಿದ್ದಳು. ಸೆರಗಿನ ತುದಿಯಲ್ಲಿ ಗೋಂದು ಒಣಗಿರುತ್ತಿತ್ತು. ಗಂಡ ಅದನ್ನು ನೋಡುತ್ತಿದ್ದ. ಒಂದು ದಿನ ಅವನೇ ಮಂಚದ ಕೆಳಗಿಂದ ತೇಗದ ಹಲಗೆಗಳನ್ನು ಎಳೆದು, ಧೂಳು ಒರೆಸಿ, ಕೆಲಸದ ಕೋಣೆಯ ಗೋಡೆಗೆ ಒರಗಿಸಿಟ್ಟ. ಅವಳು ಬಂದು ನೋಡಿದಳು.

“ಅವನಿಗೆ ಹೇಳೋದಾ?” ಎಂದು ಅವನು ಮಗನ ಬಗ್ಗೆ ಕೇಳಿದ.

“ಮೊದಲು ಮೇಜು ಆಗ್ಲಿ” ಎಂದಳು.

ಹಲಗೆಗಳಲ್ಲಿ ಅಲ್ಲಲ್ಲಿ ಮೊಣಕೈಗಳು ಸವೆಸಿದ ತಗ್ಗುಗಳಿದ್ದವು. ಬಡಗಿ, ಅವನ್ನೆಲ್ಲ ಕೀಸಿ ಮಟ್ಟ ಮಾಡು ಎಂದ. ಅವಳು ಕೀಸಿದಳು. ದಿನಗಟ್ಟಲೆ, ನೆಲದ ಮೇಲೆ ತೆಳ್ಳಗಿನ ಸುರುಳಿಗಳು ಪಾದ ಮುಳುಗುವಷ್ಟು ಬೀಳುವವರೆಗೆ. ಗಂಡ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ನೋಡುತ್ತ ಕೂರುತ್ತಿದ್ದ. ಮನೆಯೊಳಗೆ ಏನೂ ಮಾತಿಲ್ಲದ, ಬಹಳ ಉದ್ದನೆಯ ಮಧ್ಯಾಹ್ನಗಳು ಅವು.

*

ಎಲ್ಲ ಮುಗಿಸಿ ಮನೆಗೆ ಮರಳಿದಾಗ ಮೂರು ಗಂಟೆ ದಾಟಿತ್ತು. ಬಂದವರು ಒಬ್ಬೊಬ್ಬರಾಗಿ ಹೊರಟರು, ಬಡಗಿ ಮಾತ್ರ ಮೂಲೆಯಲ್ಲೇ ಉಳಿದ. ದರ್ಜಿಯ ಹೆಂಡತಿ ಟೀ ತಂದು ಕೊಟ್ಟಳು. ಸೊಸೆ ಲೋಟ ತೊಳೆದಿಟ್ಟು, ಚೀಲ ಹೆಗಲಿಗೇರಿಸಿಕೊಂಡಳು.

“ನಾನು ಬರ್ತೀನಿ ಮಾವ.”

ಆಗ ಅಪ್ಪ ಆ ದಿನದ ಮೊದಲ ಮಾತಾಡಿದ. “ನಿನ್ನ ಮೇಜು ತಗೊಂಡು ಹೋಗಮ್ಮ.”

ಸೊಸೆಗೆ ತಕ್ಷಣ ಅರ್ಥವಾಗಲಿಲ್ಲ. ಮಗನಿಗೆ ಆಯಿತು.

“ಇವಳಿಗಾ?” ಎಂದ. “ಅಮ್ಮ ಇವಳಿಗೆ ಮಾಡಿದ್ದಾ ಅದನ್ನ?”

“ಹೂಂ.”

“ನೀವಿಬ್ಬರೂ ಎರಡು ವರ್ಷ ನನ್ನ ಎದುರಿಗೇ... ನಾನು ದಿನಾ ಸಂಜೆ ಬಂದು ಆ ಕೋಣೆ ಗುಡಿಸ್ತಿದ್ದೆ ಅಪ್ಪ. ಯಾರಿಗಮ್ಮ ಇದು ಅಂತ ಎಷ್ಟು ಸಲ ಕೇಳಿದೀನಿ.”

“ನಿನ್ನ ಮೇಲಿನ ಸಿಟ್ಟಿಗಲ್ಲ ಕಣೋ” ಎಂದಳು ಚಿಕ್ಕಮ್ಮ. ಅವಳಿಗೂ ಆಗಷ್ಟೇ ತಿಳಿದದ್ದು.

ಮಗ ದನಿಯೇರಿಸಲಿಲ್ಲ. ಅದು ಅವನಿಗೆ ಬರುತ್ತಲೂ ಇರಲಿಲ್ಲ. “ಇವತ್ತು ಈ ಮನೆಯಿಂದ ಒಬ್ಬರು ಹೋಗಿದ್ದು ಸಾಕು. ಇನ್ನೇನೂ ಹೋಗೋದು ಬೇಡ” ಎಂದು ಕೆಲಸದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

“ಬೇಡ ಮಾವ, ಇರ್ಲಿ. ಅದು ಅವರ ಹತ್ರಾನೇ ಇರ್ಲಿ” ಎಂದು ಸೊಸೆ ಮೆಟ್ಟಿಲಿಳಿದಳು. ಚಪ್ಪಲಿ ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡಳು.

ಒಳಗೆ ಕಿಟಕಿಯ ಬೆಳಕಿನಲ್ಲಿ ಮರದ ಪುಡಿ ತೇಲುತ್ತಿತ್ತು. ಬೆಳಗ್ಗೆ ಅಷ್ಟು ಜನ ಓಡಾಡಿದ್ದಕ್ಕೆ ಎದ್ದದ್ದು ಇನ್ನೂ ನೆಲಕ್ಕಿಳಿದಿರಲಿಲ್ಲ. ಮಗ ಮೇಜಿನ ಮೇಲೆ ಎರಡೂ ಕೈಯೂರಿ ನಿಂತ. ಅಮ್ಮನ ಎಣ್ಣೆಬಟ್ಟೆ ಅಲ್ಲೇ ಮುದುಡಿ ಬಿದ್ದಿತ್ತು. ಸಿಟ್ಟಿನಲ್ಲಿ ಕಾಲಿನ ಸಂದಿನಲ್ಲಿ ಚಾಚಿಕೊಂಡಿದ್ದ ಬೆಣೆಯೊಂದನ್ನು ಅಂಗೈಯಿಂದ ಗುದ್ದಿದ. ಬೆಳಗ್ಗೆ ಎಲ್ಲರೂ ಆ ಬೆಣೆಗಳನ್ನು ಅಲಂಕಾರಕ್ಕೆಂದು ತಿಳಿದಿದ್ದರು.

ಬೆಣೆ ಸುಮ್ಮನೆ ಜಾರಿ ಕೈಗೆ ಬಂತು.

ಬೆರಳಿಗೆ ಮೇಣ ಹತ್ತಿತು. ಸುಲಭವಾಗಿ ಜಾರಲೆಂದು ಮೇಣ ಉಜ್ಜಿದ್ದಳು. ಬೆಣೆಯ ಮೈಮೇಲೆ ಪೆನ್ಸಿಲಿನಲ್ಲಿ ‘೩’ ಎಂದಿತ್ತು. ಬಗ್ಗಿ ನೋಡಿದ. ಅದು ಕೂತಿದ್ದ ಕುಳಿಯ ಪಕ್ಕದಲ್ಲೂ ‘೩’. ನಾಲ್ಕು ಕಾಲು, ಎಂಟು ಬೆಣೆ, ಎಂಟಕ್ಕೂ ಅಮ್ಮನ ದುಂಡನೆಯ ಅಂಕಿ. ಒಂದು ಮೊಳೆಯಿಲ್ಲ, ಒಂದು ಹನಿ ಗೋಂದಿಲ್ಲ. ಇಲ್ಲೇ ಇಟ್ಟುಕೊಳ್ಳುವ ಮೇಜಿಗೆ ಯಾರೂ ಹೀಗೆ ಅಂಕಿ ಬರೆಯುವುದಿಲ್ಲ. ಬಾಗಿಲಿನ ಅಳತೆ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಸ್ಟೂಲಿನ ಮೇಲೆ ಕೂತ. ಬೆಳಗಿನಿಂದ ಬಾರದಿದ್ದದ್ದು ಆಗ ಬಂತು. ಮುಖ ತೊಳೆಯಲು ನೀರಿರಲಿಲ್ಲ, ಅಂಗಿಯ ತೋಳಿನಿಂದ ಒರೆಸಿಕೊಂಡ.

ಸೊಸೆ ಗೇಟಿನ ಬಳಿ ಇದ್ದಳು. ಅವನು ಹೊರಗೆ ಬಂದು ಜಗಲಿಯ ಮೇಲೆ ನಿಂತ.

“ಎತ್ತರ ಸರಿಯಿದೆಯಾ, ಒಂದ್ಸಲ ನೋಡಿ ಹೋಗು.”

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಮೇಜಿನ ಮುಂದೆ ನಿಂತು, ಕೈಯಲ್ಲಿ ಸೂಜಿಯಿರುವ ಹಾಗೆ ಮೊಣಕೈ ಮಡಚಿ ಇಟ್ಟಳು. ಬೆನ್ನು ನೆಟ್ಟಗಿತ್ತು, ಭುಜ ಸಡಿಲವಾಗಿತ್ತು. ಹಾಗೇ ನಿಂತಿದ್ದಳು.

“ಸರಿಯಿದೆ” ಎಂದಳು.

“ಹಾಗಾದ್ರೆ ಆ ಕಡೆ ಹಿಡ್ಕೋ. ಒಂದರಿಂದ ಶುರು ಮಾಡೋಣ.”

ಬೆಣೆಗಳನ್ನು ಅವನು ತೆಗೆದ, ಅವಳು ಕಾಲುಗಳನ್ನು ಹಿಡಿದಳು. ಬಡಗಿ ಸ್ಟೂಲಿನ ಮೇಲೆ ಕೂತು, ಕೇಳದಿದ್ದರೂ ಹೇಳುತ್ತಿದ್ದ: “ಎಳೀಬೇಡ, ಅದೇ ಬರುತ್ತೆ.” ಅದೇ ಬಂತು.

“ಗುರುವಾರ ಅಮ್ಮ ಏನು ಮಾತಾಡ್ತಿದ್ಲು?” ಎಂದು ಮಗ ಬಗ್ಗಿಕೊಂಡೇ ಕೇಳಿದ.

“ಜಾಸ್ತಿ ನಿದ್ದೆನೇ ಮಾಡ್ತಿದ್ರು.”

“ನನ್ನ ವಿಷಯ?”

ಅವಳು ಬಿಡಿಸಿದ ಕಾಲನ್ನು ಗೋಡೆಗೆ ಒರಗಿಸಿಟ್ಟಳು. “ಇಲ್ಲ. ಒಂದೇ ಒಂದ್ಸಲ. ನೀವಿಬ್ಬರೂ ಒಳ್ಳೆಯವರೇ, ಅದು ಯಾರ ಉಪಯೋಗಕ್ಕೂ ಬರ್ಲಿಲ್ಲ ಅಂದಿದ್ರು.”

ಮಗನಿಗೆ ನಗು ಬಂತು. ಅವಳಿಗೂ ಬಂತು. ನಾಲ್ಕು ವರ್ಷದಲ್ಲಿ ಇಬ್ಬರೂ ಒಂದೇ ಮಾತಿಗೆ ನಕ್ಕಿದ್ದೇ ಇರಲಿಲ್ಲ. ಇದಾದ ಮೇಲೆ ಮುಂದೇನು ಎಂದು ಯಾರಿಗೂ ಅನಿಸಲಿಲ್ಲ. ಅವಳಿಗೆ ಅವಳ ಕೋಣೆಯಿತ್ತು, ಅವನಿಗೆ ಅವನ ಗಾಜುಗಳಿದ್ದವು.

ಕಾಲುಗಳು, ಅಡ್ಡಪಟ್ಟಿಗಳು ದರ್ಜಿಯ ತಳ್ಳುಗಾಡಿಗೆ ಹೋದವು. ಮೇಲಿನ ಹಲಗೆ ಗಾಡಿಯಲ್ಲಿ ಹಿಡಿಯಲಿಲ್ಲ. ಓರೆ ನಿಲ್ಲಿಸಿದರೆ ಹಸಿಯೆಣ್ಣೆಗೆ ಧೂಳು ಅಂಟುತ್ತದೆ, ಮಟ್ಟವಾಗಿ ಹೊತ್ತುಕೊಂಡೇ ಹೋಗಿ ಎಂದ ಬಡಗಿ. ನಡೆದರೆ ಕಾಲು ಗಂಟೆಯ ದಾರಿ. ಮಗ ಮುಂದೆ ಹಿಡಿದ, ಸೊಸೆ ಹಿಂದೆ. ಪಕ್ಕಕ್ಕೆ ಒಂದೊಂದು ಕೈ ಕೊಡುತ್ತ ಚಿಕ್ಕಮ್ಮ ಮತ್ತು ಅಪ್ಪ. ಮುಂದಿನವನಿಗೆ ಹಿಂದಿನವಳ ಮುಖ ಕಾಣುತ್ತಿರಲಿಲ್ಲ.

“ಭಾರ ಆಯ್ತಾ?”

“ಇಲ್ಲ. ನಡಿ.”

ಸಂಜೆಯಾಗುತ್ತಿತ್ತು. ಬೆಳಗ್ಗೆ ಗಾಡಿಯ ಹಿಂದೆ ನಡೆದಿದ್ದವರು ಈಗ ತಮ್ಮ ತಮ್ಮ ಬಾಗಿಲಲ್ಲಿ, ಅಂಗಡಿಯ ಮೆಟ್ಟಿಲಲ್ಲಿ ಕೂತಿದ್ದರು. ನಾಲ್ವರು ಏನನ್ನೋ ಮಟ್ಟವಾಗಿ, ಮೆಲ್ಲಗೆ, ಹೆಜ್ಜೆ ಕೂಡಿಸಿಕೊಂಡು ಹೊತ್ತು ಬರುವುದು ಕಂಡು ಮೇಷ್ಟ್ರು ಯೋಚಿಸದೆ ಎದ್ದು ನಿಂತರು. ಅವರನ್ನು ನೋಡಿ ದಿನಸಿ ಅಂಗಡಿಯವನು ಎದ್ದ. ಅವನ ಆಚೆ ಪತ್ರಿಕೆ ಓದುತ್ತಿದ್ದವನು ಎದ್ದ. ಹೀಗೆ ಬೀದಿಯುದ್ದಕ್ಕೂ ಒಬ್ಬರಾದ ಮೇಲೊಬ್ಬರು ಎದ್ದು ನಿಲ್ಲುತ್ತ ಹೋದರು. ಅದು ಬರಿಯ ಹಲಗೆಯೆಂದು ಕಂಡ ಮೇಲೂ ಯಾರೂ ಕೂರಲಿಲ್ಲ. ಬೀದಿದೀಪಗಳು ಹತ್ತತೊಡಗಿದ್ದವು. ಎಣ್ಣೆಯ ಮೈಯಲ್ಲಿ ಒಂದೊಂದು ದೀಪವೂ ಮುಂದಿನ ಅಂಚಿನಲ್ಲಿ ಮೂಡಿ, ಹಲಗೆಯುದ್ದಕ್ಕೂ ನಿಧಾನ ಈಜಿ, ಸೊಸೆಯ ಕೈಗಳ ನಡುವಿನಿಂದ ಹಿಂದಕ್ಕೆ ಇಳಿದುಹೋಗುತ್ತಿತ್ತು.